ಅಕ್ಕ ಆ ಕಡೆ ಕುಳಿತಿದ್ದಳು

ಫೆಬ್ರವರಿ 3, ಬೆಳಿಗ್ಗೆ

ಮತ್ತೆ ಸೂಜಿ ಮುರಿಯಿತು. ಬ್ಯಾನರ್ ಬಟ್ಟೆ ದಪ್ಪ, ನನ್ನ ಮಿಷನ್ನೋ ರವಿಕೆ ಹೊಲಿಯುವುದಕ್ಕೇ ಹುಟ್ಟಿದ್ದು. 'ಬಯಲು ಉಳಿಸಿ' — ಒಂದೊಂದೇ ಅಕ್ಷರ ಕತ್ತರಿಸಿ ಹೊಲಿಯಬೇಕು. ಹೊಳೆ ಬದಿಯ ಬಯಲಿನಲ್ಲಿ ಲೇಔಟ್ ಮಾಡುತ್ತಾರಂತೆ, ನೂರಾರು ಮನೆ. ಅಷ್ಟೂ ಮನೆಗೆ ಬೋರ್ ಕೊರೆದರೆ ನಮ್ಮ ಬಾವಿಗಳ ಗತಿ? ದನ ಎಲ್ಲಿ ಮೇಯಬೇಕು?

ಸಂಜೆ ಮೀಟಿಂಗ್. ಮುಂದಾಳು ನಮ್ಮ ಹಳೇ ಮೇಷ್ಟ್ರು. ಮೈಕು ಕೈಗೆ ಸಿಕ್ಕರೆ ಬಿಡುವುದಿಲ್ಲ, ಅದಕ್ಕೇ ಊರಿಗೆಲ್ಲ ಮೈಕು ಮೇಷ್ಟ್ರು. ಲೇಔಟ್ ಬಗ್ಗೆ ಅಧಿಕಾರಿ ಊರಿಗೆ ಬಂದು ನಡೆಸುವ ವಿಚಾರಣೆಯ ದಿನ ಹೆಂಗಸರ ಪರವಾಗಿ ನಾನೇ ಮಾತಾಡಬೇಕಂತೆ. ಅಳತೆ ಕೇಳುವುದು ಬಿಟ್ಟರೆ ಬೇರೆ ಮಾತೇ ಬಾರದವಳು ನಾನು...

ಫೆಬ್ರವರಿ 11

ಅಕ್ಕನಿಗೆ ಫೋನ್ ಮಾಡಿದೆ. ಪೇಟೆಯ ಆಸ್ಪತ್ರೆಯಲ್ಲಿ ಆಯಾ ಕೆಲಸ. ಭಾವ ಹೋದ ಮೇಲೆ ಮೂರನೇ ಮಹಡಿಯ ಬಾಡಿಗೆ ಕೋಣೆ, ಒಬ್ಬಳೇ; ಮಗಳು ಮದುವೆಯಾಗಿ ದೂರದ ಊರಲ್ಲಿದ್ದಾಳೆ. ಲಿಫ್ಟ್ ಇಲ್ಲ. ಮಂಡಿ ನೋವು ಬೇರೆ.

ಹೋರಾಟದ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಹೂಂ, ಹೂಂ ಎಂದಳು. ಮೆಟ್ಟಿಲು ಹತ್ತಿ ಸುಸ್ತಾಗಿರಬೇಕು.

ಮಾರ್ಚ್ 2, ಮಧ್ಯಾಹ್ನ

ವಿಚಾರಣೆ ಮುಗಿಯಿತು.

ಸ್ಕೂಲಿನ ಹಾಲ್. ಈ ಕಡೆ ನಾವು. ಆ ಕಡೆ ಬಿಲ್ಡರ್ ಕಡೆಯವರು, ಮನೆ ಬುಕ್ ಮಾಡಿದವರು. ಅವರ ನಡುವೆ ಅಕ್ಕ. ಹಸಿರು ಸೀರೆ, ನಾನೇ ಹೊಲಿದ ರವಿಕೆ. ನನ್ನ ಮಾತು ಕೇಳಲು ಬಂದು, ಜಾಗ ತಿಳಿಯದೆ ಅಲ್ಲಿ ಕೂತಳೇನೋ ಅಂದುಕೊಂಡು ಕೈ ಬೀಸಿದೆ. ಅವಳು ತಲೆ ತಗ್ಗಿಸಿದಳು.

ಅಧಿಕಾರಿ ಕರೆದಾಗ ಕುರ್ಚಿ ಹಿಡಿದು ಎದ್ದಳು.

"ನಾನೂ ಈ ಊರಲ್ಲೇ ಹುಟ್ಟಿದೋಳು ಸಾರ್. ಆ ಬಯಲಲ್ಲೇ ಆಡು ಮೇಯಿಸಿದ್ದೀನಿ. ಮದುವೆ ಮಾಡಿ ಕಳಿಸಿದ್ರು, ಹೋದೆ. ಈಗ ವಾಪಸ್ ಬರೋಕೆ ಮೆಟ್ಟಿಲಿಲ್ಲದ ಒಂದು ಮನೆ ಸಿಕ್ಕಿದೆ. ಅದನ್ನ ತಪ್ಪಿಸ್ಬೇಡಿ."

ಮುಂದಿನ ಸರದಿ ನನ್ನದು. ಎದ್ದೆ. ಬಾವಿ, ದನ, ಹೊಳೆ — ಕಲಿತದ್ದನ್ನೆಲ್ಲ ಹೇಳಿದೆ. ತಡವರಿಸಲೂ ಇಲ್ಲ. ಚಪ್ಪಾಳೆ ಬಿತ್ತು. ಹೊರಗೆ ಬರುವಷ್ಟರಲ್ಲಿ ಅಕ್ಕ ಬಸ್ಸು ಹತ್ತಿದ್ದಳು.

ಮಾರ್ಚ್ 3

ಮೊದಲೇ ಯಾಕೆ ಹೇಳಲಿಲ್ಲ ಎಂದು ಫೋನಿನಲ್ಲಿ ಕೇಳಿದೆ.

"ನೀನೆಲ್ಲಿ ಕೇಳಿದೆ? ನೀನೇ ಮಾತಾಡ್ತಿದ್ದೆ."

ನಮ್ಮ ಮನೆಗೇ ಬಂದಿರು, ಮುಂದಿನ ರೂಮು ಬಿಟ್ಟುಕೊಡುತ್ತೇನೆ ಅಂದೆ.

"ಬೇಡ ಕಣೆ. ತಂಗಿ ಮನೇಲಿ ಲೋಟ ಎತ್ತೋಕೂ ಕೇಳ್ಬೇಕು ಅನ್ಸುತ್ತೆ. ನಂದೂ ಅಂತ ಒಂದು ಬಾಗ್ಲು ಬೇಕಿತ್ತು."

ಬೇಕಿತ್ತು ಅಂದಳು. ಬೇಕು ಅನ್ನಲಿಲ್ಲ.

ಏಪ್ರಿಲ್ 19

ಗೆದ್ದೆವು. ಲೇಔಟ್ ಅನುಮತಿ ರದ್ದಾಯಿತು. ಊರಿಗೆ ಊರೇ ಬಯಲಿನಲ್ಲಿ. ಮೈಕು ಮೇಷ್ಟ್ರು ತಾವಾಗಿಯೇ ಮೈಕು ಕೆಳಗಿಟ್ಟರು, ಜನ್ಮದಲ್ಲಿ ಮೊದಲ ಸಲ. ನನ್ನನ್ನು ಮುಂದೆ ನಿಲ್ಲಿಸಿ ಫೋಟೋ ತೆಗೆದರು. ನಕ್ಕೆ.

ಮನೆಗೆ ಬಂದ ಮೇಲೆ ನಮ್ಮ ಯಜಮಾನರು, ಅಕ್ಕನ ಹತ್ತಿರ ಒಮ್ಮೆ ಹೋಗಿ ಬಾ ಎಂದರು. ನಾಳೆ ಅಂದೆ. ಯಾವ ಮುಖ ಹೊತ್ತುಕೊಂಡು ಹೋಗಲಿ?

ಜೂನ್ 7

ಇಂದು ಹೋದೆ. ಮೂರು ಮಹಡಿ ಹತ್ತುವಷ್ಟರಲ್ಲಿ ಎದೆ ಬಡಿದುಕೊಳ್ಳುತ್ತಿತ್ತು. ಇಷ್ಟು ವರ್ಷ ಬಸ್ ಸ್ಟ್ಯಾಂಡಿನಲ್ಲೇ ಭೇಟಿ, ಅಲ್ಲೇ ಟೀ, ಅಲ್ಲಿಂದಲೇ ವಾಪಸ್. ಒಂದು ಸಲವೂ ಹತ್ತಿರಲಿಲ್ಲ.

ಕೋಣೆ ಖಾಲಿ. ಆಗಲೇ ಸುಣ್ಣ ಬಳಿದಿದ್ದರು. ಕಳೆದ ತಿಂಗಳೇ ಕೆಲಸ ಬಿಟ್ಟು ಮಗಳ ಊರಿಗೆ ಹೋದಳಂತೆ. ರೈಲಿನಲ್ಲಿ ಎರಡು ದಿನದ ದಾರಿ. ಪಕ್ಕದ ಮನೆಯಾಕೆ ಹೇಳಿದಳು, "ಹೋಗೋ ದಿನ ಮಂಡಿ ಮಡಚೋಕೇ ಆಗ್ತಿರ್ಲಿಲ್ಲ. ಒಂದೊಂದು ಮೆಟ್ಟಿಲೂ ಕೂತ್ಕೊಂಡು, ಕೂತ್ಕೊಂಡೇ ಇಳಿದ್ರು. ಹಿಡ್ಕೊಳ್ಳೋಕೆ ಹೋದ್ರೆ ಬೇಡ ಅಂದ್ರು."

ಇಳಿಯುವಾಗ ನಾನೂ ಒಂದು ಮೆಟ್ಟಿಲ ಮೇಲೆ ಕೂತೆ.

ಜೂನ್ 8, ಬೆಳಿಗ್ಗೆ

ಅಕ್ಕನ ಮಗಳು ಫೋನ್ ಎತ್ತಿದಳು. ಚಿಕ್ಕಮ್ಮ ಅಂತ ಒಳಗೆ ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ ಅಕ್ಕನ ಉಸಿರು. ಅಕ್ಕಾ ಅಂದೆ. ಅವಳು ಫೋನ್ ಇಡಲಿಲ್ಲ.

ನಮ್ಮ ಬೀದಿಯಲ್ಲಿ ಆಗ ದನ ಹೋಗುತ್ತಿದ್ದವು. ಅವಳಿಗೂ ಕೇಳಿಸಿರಬೇಕು.

"ಬಯಲಿಗಾ?" ಅಂದಳು.

ಹೂಂ ಅಂದೆ. ಇನ್ನೇನೋ ಹೇಳಬೇಕು ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಅವಳು, "ಮೇಯ್ಲಿ ಬಿಡು" ಅಂದು ಫೋನ್ ಇಟ್ಟಳು.