ಏಳನೆಯ ಚುಕ್ಕಿ

ಮಾರ್ಚ್ 18, ಸೋಮವಾರ

ಮತ್ತೆ ಬೆಳಗಿನ ಪಾಳಿ. ಏಳನೆಯದಕ್ಕೆ ಇವತ್ತೂ ಆದೇಶ ಕಳಿಸಿದೆವು. ಸ್ವಲ್ಪ ವಾಲು, ಅಷ್ಟೇ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಮಧ್ಯಾಹ್ನ ಅಮ್ಮನ ಫೋನು. ಮತ್ತೊಮ್ಮೆ ವಿವರಿಸಿದೆ. ಬಾಹ್ಯಾಕಾಶದಲ್ಲಿರುವ ನಮ್ಮ ದೂರದರ್ಶಕದ ಕನ್ನಡಿ ಹನ್ನೆರಡು ತುಂಡಿನದು. ನಕ್ಷತ್ರದತ್ತ ತಿರುಗಿಸಿದರೆ ತುಂಡಿಗೊಂದರಂತೆ ಹನ್ನೆರಡು ಚುಕ್ಕಿ. ಅವನ್ನೆಲ್ಲ ಸರಿಸಿ ಒಂದೇ ಚುಕ್ಕಿ ಮಾಡಬೇಕು. ಏಳನೆಯದು ಮಾತ್ರ ಸೆಟೆದು ಕೂತಿದೆ. "ಒಂದು ಹೋದ್ರೆ ಹೋಗ್ಲಿ ಬಿಡೆ, ಇನ್ನೂ ಹನ್ನೊಂದಿದ್ಯಲ್ಲ" ಅಂದಳು. ನಿನಗೆ ಐದು ಮಕ್ಕಳು, ಒಂದು ಹೋದರೆ ನಾಲ್ಕಿದೆ ಅಂತೀಯಾ ಎಂದು ಕೇಳಿದೆ. ಫೋನ್ ಕುಕ್ಕಿದಳು. ಕುಕ್ಕಲಿ.

ಮೂರು ವರ್ಷ ಆ ತುಂಡನ್ನು ಚಳಿ ಕೊರೆಯುವ ಕೋಣೆಯಲ್ಲಿಟ್ಟು ಪರೀಕ್ಷಿಸಿದವಳು ನಾನು. ಅಲ್ಲಿ ಒಂದು ದಿನವೂ ಹಟ ಮಾಡಿರಲಿಲ್ಲ.

ಮಾರ್ಚ್ 21, ಗುರುವಾರ

ತೀರ್ಮಾನ ಆಯಿತು. ಮಿಕ್ಕವುಗಳ ಚಿತ್ರ ಕೆಡದಂತೆ ಏಳನೆಯದನ್ನು ಇದ್ದಲ್ಲೇ ಬಿಟ್ಟು ಅದರ ಮೋಟಾರಿಗೆ ಬೀಗ ಜಡಿಯುವುದು. ಜಡಿದರೆ ಮುಗಿಯಿತು, ಮತ್ತೆ ತೆಗೆಯಲು ಬರುವುದಿಲ್ಲ. ಕನ್ನಡಿ ತಂಡದ ಮುಖ್ಯಸ್ಥ ಡೊಮಿನಿಕ್‌ನದೇ ಮಾತು. ಸಭೆಯಲ್ಲಿ ಬೇಡ ಅಂದೆ. ಕಾರಣ ಕೇಳಿದ. ಕಾರಣ ಇರಲಿಲ್ಲ... ಸಂಕಟ ಬಿಟ್ಟರೆ.

"ಬರ್ನಿ, ಅದು ಕನ್ನಡಿ ಕಣೆ. ನಿನ್ ಮಗು ಅಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ಮಾರ್ಚ್ 25, ಸೋಮವಾರ, ಸಂಜೆ



ಬೆಳಗ್ಗೆ ಬೀಗದ ಆದೇಶ ಸಿದ್ಧವಾಗಿತ್ತು. ಪಾಳಿಯ ಯಜಮಾನ ಟಾಲಿವರ್ ಹೆಡ್‌ಸೆಟ್ ಹಾಕಿಕೊಂಡರು. ಕಾಯುತ್ತ ಹಳೆಯ ಚಿತ್ರಗಳನ್ನು ಪರದೆಗೆ ಹಾಕಿಕೊಂಡು ಕೂತೆ. ಏಳನೆಯದನ್ನು ಕೊನೆಯ ಸಲ ನೋಡೋಣ ಅಂತ.

ಮೂರನೆಯ ತುಂಡನ್ನು ಅಲುಗಿಸಿದ ದಿನದ್ದು. ಅಲುಗಿಸುವ ಮೊದಲು, ಆಮೇಲೆ. ಮತ್ತೆ ಮೊದಲು, ಆಮೇಲೆ. ಮೂರರ ಚುಕ್ಕಿ ಸರಿದಿದೆ. ಸರಿಯಬೇಕಾದ್ದೇ. ಆದರೆ ಏಳರದ್ದೂ ಸರಿದಿದೆ — ಕೂದಲೆಳೆಯಷ್ಟು.

ಅದು ಏಳು ಅಲ್ಲವೇ ಅಲ್ಲ. ಮೂರರ ಬೆಳಕೇ ಒಳಗೆಲ್ಲೋ ತಾಗಿ ಬಿದ್ದ ಪ್ರತಿಬಿಂಬ! ಹನ್ನೆರಡು ಚುಕ್ಕಿ ಬೇಕಿತ್ತು, ಹನ್ನೆರಡು ಕಂಡವು, ಹುಡುಕುವುದನ್ನು ನಿಲ್ಲಿಸಿಬಿಟ್ಟೆವು. ಆಮೇಲೂ ಅಷ್ಟೇ, ಯಾವ ತುಂಡನ್ನು ಕರೆದೆವೋ ಅದರ ಚುಕ್ಕಿ ಮಾತ್ರ ನೋಡಿದೆವು. ಬೆಪ್ಪುಗಳು. ನಾನೂ ಸೇರಿ.

ಅಷ್ಟರಲ್ಲಿ ಟಾಲಿವರ್ ಒಬ್ಬೊಬ್ಬರನ್ನೇ ಕೇಳತೊಡಗಿದ್ದರು. ಪ್ರತಿ ಮೇಜಿನವರೂ ಸಿದ್ಧ ಅನ್ನಬೇಕು. ಒಬ್ಬರು ಇಲ್ಲವೆಂದರೂ ಆದೇಶ ಹೋಗುವಂತಿಲ್ಲ. ವಿದ್ಯುತ್ — ಸಿದ್ಧ. ಸಂಪರ್ಕ — ಸಿದ್ಧ. ಕನ್ನಡಿ?

"ಸಿದ್ಧ ಇಲ್ಲ."

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಡೊಮಿನಿಕ್ ಹಿಂದಿನ ಸಾಲಿನಿಂದ ದಡದಡ ಬಂದ. ಬೈಯಲು ಬಾಯಿ ತೆರೆದವನು ಪರದೆಯತ್ತ ಬಗ್ಗಿದ. ತಾನೇ ಕೀಲಿಮಣೆ ಒತ್ತಿ ಒತ್ತಿ ಎರಡೂ ಚಿತ್ರ ನೋಡಿದ.

"ಹಂಗಾದ್ರೆ ಏಳು ಎಲ್ಲೇ?"

"ಚಿತ್ರದಾಚೆ ಎಲ್ಲೋ ಇದೆ ಕಣೋ. ಕರೆದಾಗೆಲ್ಲ ಅಲುಗಿದೆ. ನಾವು ನೋಡಿಲ್ಲ ಅಷ್ಟೆ."

ಟಾಲಿವರ್ ಆದೇಶ ರದ್ದು ಮಾಡಿದರು. ಆಮೇಲೆ ನನ್ನ ಬಳಿ ಬಂದು, ಇನ್ನೊಮ್ಮೆ ಇಲ್ಲ ಅನ್ನುವುದಿದ್ದರೆ ಸ್ವಲ್ಪ ಮುಂಚೆ ಅನ್ನಮ್ಮ, ಮುದುಕನ ಎದೆ ತಡೆಯಲ್ಲ ಅಂದರು.

ಮಾರ್ಚ್ 27

ಇಲ್ಲ. ದೂರದರ್ಶಕವನ್ನು ಚೂರುಚೂರೇ ತಿರುಗಿಸಿ ಮೇಲಂಚು, ಎಡಬದಿ ಎಲ್ಲ ಜಾಲಾಡಿದೆವು. ಎಲ್ಲೂ ಇಲ್ಲ. ಟಾಲಿವರ್ ನಾಳೆ ಒಂದು ದಿನ ಕೊಟ್ಟಿದ್ದಾರೆ, ಆಮೇಲೆ ಬೀಗವೇ. ನಾನು ಹೇಳಿದ್ದು ಸುಳ್ಳಾದರೆ...

ಮಾರ್ಚ್ 28

ಸಿಕ್ಕಿತು! ಬಲಕ್ಕೆ, ಕೆಳಗೆ, ಯಾರೂ ನಿರೀಕ್ಷಿಸದಷ್ಟು ದೂರ. ವಾಲು ಅಂದೆವು. ಒಂದೇ ಮಾತಿಗೆ ವಾಲಿತು, ನನ್ನ ಬಂಗಾರ.

ಡೊಮಿನಿಕ್ ನನ್ನನ್ನು ಎತ್ತಿ ಗಿರ್ರನೆ ತಿರುಗಿಸಿದ. ಕೆಳಗಿಳಿಸಿ, ಮಗು ಅಂತ ಗೇಲಿ ಮಾಡಿದ್ದು ತಪ್ಪಾಯ್ತು ಅಂದ. ಅಮ್ಮನಿಗೆ ಫೋನ್ ಮಾಡಿ ಕಿರುಚಿದೆ. ಅವಳೂ ಕಿರುಚಿದಳು, ಯಾಕೆಂದು ಪೂರ್ತಿ ತಿಳಿಯದೆ. ಆಮೇಲೆ ಇಡೀ ಪಾಳಿ ಬಾಲ್ಟಿಮೋರ್ ಬಂದರಿನ ಹತ್ತಿರ ಏಡಿ ತಿನ್ನಲು ಹೋಯಿತು. ಮೇಜಿಗೆ ಕಾಗದ ಹಾಸಿ, ಮರದ ಸುತ್ತಿಗೆಯಲ್ಲಿ ಕುಟ್ಟಿ ಕುಟ್ಟಿ ತಿಂದೆವು. ಉಗುರಿನಲ್ಲಿ ಇನ್ನೂ ಮಸಾಲೆ.

ಏಪ್ರಿಲ್ 19, ಕನ್ನಡಿ ಮೇಜು

ಹನ್ನೊಂದು ಒಂದಾಗಿವೆ. ಮೂರು ತನ್ನ ಜಾಗಕ್ಕೆ ಬಂದ ದಿನವೇ ಆ ಸುಳ್ಳು ಚುಕ್ಕಿ ಮಾಯ. ಉಳಿದದ್ದು ಏಳು. ಆದೇಶ ಹೋಗಿ ಬಹಳ ಹೊತ್ತಾಯಿತು. ಯಾರೂ ಕಾಫಿ ಮುಟ್ಟುತ್ತಿಲ್ಲ. ಡೊಮಿನಿಕ್ ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಾನೆ.

ಚಿತ್ರ ಇಳಿಯುತ್ತಿದೆ. ಮೇಲಿನಿಂದ ಸಾಲುಸಾಲಾಗಿ. ಕಪ್ಪು. ಕಪ್ಪು.

ಬೆಳಕು.

ಒಂದೇ. ಎಷ್ಟು ದೊಡ್ಡದು ಮಾಡಿ ನೋಡಿದರೂ ಒಂದೇ ಚುಕ್ಕಿ, ಸೂಜಿಮೊನೆ. ಎಲ್ಲರೂ ಎದ್ದು ಕೂಗುತ್ತಿದ್ದಾರೆ. ಡೊಮಿನಿಕ್ ಅಳುತ್ತಿದ್ದಾನೆ. ನಾನೂ.

ಸುತ್ತ ಏನೋ ಮಸುಕು. ಧೂಳು ಅಂದುಕೊಂಡೆ. ಧೂಳಲ್ಲ... ಗೆಲಾಕ್ಸಿಗಳು. ಮೂಲೆಮೂಲೆಯಲ್ಲೂ. ನಾವು ಇವನ್ನು ಬೇಕೆಂದು ಕೇಳಿಯೇ ಇರಲಿಲ್ಲ. ನಿನ್ನೆಯ ಹನ್ನೊಂದರ ಚಿತ್ರ ಪಕ್ಕಕ್ಕಿಟ್ಟು ನೋಡಿದೆ. ಅದೇ ಜಾಗ, ಆದರೆ ತೀರಾ ಮಸುಕಿನವು ಇರುವಲ್ಲೆಲ್ಲ ಬರೀ ಕತ್ತಲೆ. ಅಂದರೆ ಅವತ್ತು ಬೀಗ ಜಡಿದಿದ್ದರೆ ಇವು ಯಾವುವೂ —