ತಮ್ಮ ಹೂಜಿಯ ಕೆಳಗಿರುವ ನಮ್ಮ ಆಟ

ಯಾದಗಿರಿ, ಮಾರ್ಚ್ 1958

ಹೊಸ ಸಭಾಭವನದ ಪರವಾನಗಿ ಕೊಡುವ, ಅರ್ಥಾತ್ ಕೊಡದಿರುವ, ಅಧಿಕಾರಿ ಮಹಾಶಯರೇ,

ತಮ್ಮ ಕಚೇರಿಯಲ್ಲಿ, ಕುರ್ಚಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕುಡಿಯುವ ನೀರಿನ ಹೂಜಿಯೊಂದಿದೆ. ಆ ಹೂಜಿಯ ಅಡಿಯಲ್ಲಿ ಕೆಂಪು ರಟ್ಟಿನ ದಪ್ಪ ಪುಸ್ತಕವೊಂದಿದೆ. ಅದು ನಮ್ಮದು. ಈ ಊರಿನ ಸುಲ್ತಾನಸಾಬ ಮಾಸ್ತರರು ಮೂವತ್ತು ವರ್ಷ ಕಲಿಸಿ ಆಡಿಸಿದ ‘ಅಂಬಿಗರ ಆಟ’ ಎಂಬ ದೊಡ್ಡಾಟದ ಒಂದೇ ಒಂದು ಪ್ರತಿ. ನಾಲ್ಕು ತಿಂಗಳಿಂದ ಅದರ ಮೇಲೆ ಹೂಜಿಯ ನೀರು ಇಳಿಯುತ್ತಿದೆ. ಇದಕ್ಕೆ ತಮ್ಮ ಕಚೇರಿಯ ಭಾಷೆಯಲ್ಲಿ ‘ದಾಖಲೆಯಾಗಿ ಇಟ್ಟುಕೊಳ್ಳಲಾಗಿದೆ’ ಎನ್ನುತ್ತಾರಂತೆ. ಎಂಥ ಚಂದದ ಮಾತು! ನಾವು ಅನಾಗರಿಕರು ಇದನ್ನು ಕೊಳೆಹಾಕುವುದು ಎನ್ನುತ್ತೇವೆ.

ನನಗೆ ಇದು ಹೇಗೆ ಗೊತ್ತಾಯಿತೆಂದು ತಾವು ಕೋಪಿಸಿಕೊಳ್ಳಬಹುದು. ಸ್ಟೇಷನ್ನಿನ ಹಮಾಲರ ಮೇಲ್ವಿಚಾರಕ ಮುಕದ್ದಮನಾದ ನಾನು ಕಳೆದ ವಾರ ಮೂರನೆಯ ಅರ್ಜಿ ಹಿಡಿದುಕೊಂಡು ಬಂದಿದ್ದೆ. ತಾವು ಊಟಕ್ಕೆ ಹೋಗಿದ್ದಿರಿ. ಆಗ ಸಮಯ ಹನ್ನೊಂದೂವರೆ. ತಮ್ಮ ಜವಾನ ತಿಮ್ಮಣ್ಣ, ಪಾಪ, ನಮ್ಮ ಊರಿನವನೇ, ನನ್ನ ಕಣ್ಣು ಎಲ್ಲಿ ನೆಟ್ಟಿದೆಯೆಂದು ನೋಡಿ ತಾನೇ ಬಾಯಿಬಿಟ್ಟ.

“ಹೂಜಿ ನಿಲ್ಲವಲ್ದಾಗಿತ್ರಿ ಮುಕದ್ದಮರ. ಸಾಹೇಬ್ರು, ಏನರ ಇಡೋ ಅಂದ್ರು. ಬ್ಯಾರೆ ಫೈಲ್ ಎಲ್ಲಾ ಕನ್ನಡದಾಗ ಅದಾವ್ರಿ, ಅವನ್ನ ಹ್ಯಾಂಗ ಇಡಬೇಕ್ರಿ? ಇದೊಂದು ಉರ್ದು ಇತ್ತು, ಇಟ್ಟೀನ್ರಿ.”

ತಿಮ್ಮಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಅವನು ಅಕ್ಷರ ಓದಲಾರ. ತಾವಾದರೋ ಓದಿಸಿ ಕೇಳಬಲ್ಲವರು, ಕೇಳಲೊಲ್ಲವರು. ಪುಸ್ತಕ ಕೊಡು ಎಂದೆ. ಮೊಹರು ಬಿದ್ದಿದೆ, ಮುಟ್ಟಿದರೆ ತನ್ನ ನೌಕರಿ ಹೋಗುತ್ತದೆ ಎಂದು ಅವನು ಕೈಮುಗಿದ. ಕನಿಷ್ಠ ಹೂಜಿಯನ್ನಾದರೂ ಸರಿಸು ಎಂದರೆ ಅದಕ್ಕೂ ತಮ್ಮ ಅಪ್ಪಣೆ ಬೇಕಂತೆ. ಹಾಗಾಗಿ ಈ ಪತ್ರ. ತಮಗೆ ನೇರವಾಗಿ ಕೊಡದೆ ಪತ್ರಿಕೆಗೆ ಕಳಿಸುತ್ತಿರುವುದೇಕೆಂದರೆ, ತಮಗೆ ಕೊಟ್ಟ ಕಾಗದಗಳಿಗೆ ಯಾವ ಕೆಲಸ ಕಾದಿದೆ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಾವು ಮರೆತಿರಬಹುದು, ನಡೆದದ್ದನ್ನು ಹೇಳುತ್ತೇನೆ. ಈ ಸಭಾಭವನ ನಿಂತಿರುವ ಜಾಗ ಮೊದಲು ಬರೀ ಬಯಲು. ನಮ್ಮ ಆಟ ನಡೆಯುತ್ತಿದ್ದದ್ದು ಅಲ್ಲಿಯೇ. ರಾಜ್ಯ ಒಂದಾಯಿತು, ಸಂತೋಷ. ಬಯಲಿಗೆ ಗೋಡೆ ಬಂತು, ಅದನ್ನೂ ಸಂತೋಷವೆಂದೇ ತಿಳಿದೆವು. ಭವನ ‘ಕನ್ನಡ ಕಲೆಗೆ ಮೀಸಲು’ ಎಂದು ಕಲ್ಲಿನಲ್ಲಿ ಕೆತ್ತಿಸಿದಿರಿ. ಉದ್ಘಾಟನೆಯ ದಿನ ತಾವು ವೇದಿಕೆಯ ಮೇಲೆ ನಿಂತು, ಈ ಭಾಗದ ಜನಕ್ಕೆ ಶುದ್ಧ ಕನ್ನಡ ಕೇಳುವ ಭಾಗ್ಯ ಇನ್ನು ಮುಂದೆ ದೊರೆಯಲಿದೆ ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು. ನಮ್ಮ ಕೈಗಳಿಗೆ ಏನಾಗಿತ್ತೋ!

ಆ ಭಾಗ್ಯದ ಹತ್ತು ತಿಂಗಳಲ್ಲಿ ಭವನದಲ್ಲಿ ನಡೆದ ಕಲೆ ಯಾವುದು? ಗುತ್ತಿಗೆದಾರರೊಬ್ಬರ ಮಗಳ ಮದುವೆ. ಟೋಪಿಯಿಂದ ಪಾರಿವಾಳ ತೆಗೆಯುವ ಜಾದೂಗಾರ. ತಮಗೆ ಎರಡು ಸನ್ಮಾನ. ಶಹಾಪುರದ ನಾಟಕ ಕಂಪನಿಯವರು ಹೆಣ್ಣುಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ಕರೆತಂದರು. ಸಭ್ಯತೆಗೆ ಧಕ್ಕೆ ಎಂದು ಹಿಂದೆ ಕಳಿಸಿದಿರಿ. ಸುರಪುರದವರು ಅದನ್ನು ಕೇಳಿ ಗಂಡಸರಿಗೇ ಸೀರೆ ಉಡಿಸಿ ಬಂದರು. ಅದೂ ಸಭ್ಯತೆಗೆ ಧಕ್ಕೆಯಾಯಿತು. ಇನ್ನುಳಿದದ್ದು ಪಾರಿವಾಳಗಳೇ. ಅವು ಗಂಡೋ ಹೆಣ್ಣೋ ಎಂದು ತಾವು ವಿಚಾರಿಸಿದಂತಿಲ್ಲ.

ನಾವು ಬಂದದ್ದು ದಸರೆಯ ಮರುವಾರ. ಹತ್ತು ವರ್ಷದಿಂದ ನಿಂತುಹೋಗಿದ್ದ ಆಟವನ್ನು, ಮಾಸ್ತರರಿಗೆ ಶಕ್ತಿ ಇರುವಾಗಲೇ ಒಮ್ಮೆ ಆಡಬೇಕೆಂಬ ಆಸೆ. ಭೀಮಾ ಹೊಳೆಯ ಅಂಬಿಗನೊಬ್ಬ ರಾಜನನ್ನು ಹರಗೋಲಿನಲ್ಲಿ ಕೂರಿಸಿಕೊಂಡು ನಡುನೀರಿನಲ್ಲಿ ಹುಟ್ಟು ನಿಲ್ಲಿಸಿ, ನನ್ನ ಪ್ರಶ್ನೆಗಳಿಗೆ ನ್ಯಾಯವಾದ ಉತ್ತರ ಹೇಳಿದರೆ ಮಾತ್ರ ದಡ ಮುಟ್ಟಿಸುತ್ತೇನೆ ಎನ್ನುವ ಕಥೆ ಅದು. ತಮ್ಮ ಕಚೇರಿ ಮೂಲಪ್ರತಿ ಕೇಳಿತು. ನಮ್ಮ ದಡ್ಡತನ ನೋಡಿ: ಮಾಸ್ತರರು ಪುಸ್ತಕವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಮೇಲೊಂದು ಹೂ ಇಟ್ಟು, ಎರಡೂ ಕೈಯಿಂದ ತಮ್ಮ ಗುಮಾಸ್ತರಿಗೆ ಕೊಟ್ಟರು. ಸರ್ಕಾರ ನಮ್ಮದು, ಕನ್ನಡದ್ದು ಎಂಬ ನಂಬಿಕೆ. ಒಂದು ನಕಲು ಮಾಡಿಕೊಳ್ಳೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಆ ರೇಷ್ಮೆ ವಸ್ತ್ರ ಈಗ ಎಲ್ಲಿದೆಯೋ ತಾವೇ ಬಲ್ಲಿರಿ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ‘ಸಲ್ಲಿಸಿದ ನಾಟಕವು ಉರ್ದು ಭಾಷೆಯಲ್ಲಿರುವ ಕಾರಣ ಪರವಾನಗಿ ನಿರಾಕರಿಸಲಾಗಿದೆ. ಅಧಿಕೃತ ಭಾಷಾಂತರಕಾರರ ಸಹಿಯೊಡನೆ ಕನ್ನಡ ಅನುವಾದ ಸಲ್ಲಿಸಿದಲ್ಲಿ ಪರಿಶೀಲಿಸಲಾಗುವುದು.’

ಸ್ವಾಮಿ, ಅದು ಕನ್ನಡ. ಅಕ್ಷರ ಮಾತ್ರ ಉರ್ದು. ನಿಜಾಮರ ಆಳ್ವಿಕೆಯಲ್ಲಿ ನಮಗೆ ಶಾಲೆ ಎಂದರೆ ಉರ್ದು ಶಾಲೆ. ಮನೆಯಲ್ಲಿ ಕನ್ನಡ ಆಡಿದೆವು, ಹೊಲದಲ್ಲಿ ಕನ್ನಡ ಬೈದೆವು, ಬರೆಯಬೇಕಾದಾಗ ಕೈಗೆ ಬಂದ ಅಕ್ಷರದಲ್ಲಿ ಬರೆದೆವು. ಮದುವೆಯ ಲಗ್ನಪತ್ರಿಕೆಯನ್ನೂ ಹಾಗೇ ಬರೆದವರಿದ್ದಾರೆ. ಮಾಸ್ತರರು ಪುಸ್ತಕದ ಮೊದಲ ಪುಟದಲ್ಲಿ ದಪ್ಪಗೆ ‘ಇದು ಕನ್ನಡ ಆಟ’ ಎಂದು ಬರೆದಿದ್ದಾರೆ. ಅದೂ ಉರ್ದು ಅಕ್ಷರದಲ್ಲೇ ಇದೆ, ಒಪ್ಪಿಕೊಳ್ಳುತ್ತೇನೆ. ಆದರೆ ತಮ್ಮ ಕಚೇರಿಯಿಂದ ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ ಅದನ್ನು ಓದಬಲ್ಲ ಇನ್ನೂರು ಮಂದಿಯಿದ್ದಾರೆ. ಒಬ್ಬನನ್ನು ಕರೆದು ಒಂದು ಸಾಲು ಓದಿಸಿದ್ದರೆ ಮುಗಿಯುತ್ತಿತ್ತು. ಕರೆಯಲು ಬಾಯಿ ನೋಯುತ್ತಿತ್ತೇ?

ಆಜ್ಞೆಯೆಂದರೆ ಆಜ್ಞೆ ಎಂದು ನಾನು ರಜೆ ಹಾಕಿ ಗುಲಬರ್ಗಾಕ್ಕೆ ಹೋದೆ. ಅಲ್ಲಿ ಅಮೀನಸಾಬ ಎಂಬ ಹಿರಿಯ ಮುನ್ಷಿ ಅಧಿಕೃತ ಭಾಷಾಂತರಕಾರರು. ಪುಸ್ತಕ ಎಲ್ಲಿ ಎಂದರು. ಪುಸ್ತಕ ಕಚೇರಿಯಲ್ಲಿದೆ ಎಂದೆ. ಹಾಗಾದರೆ ನೆನಪಿದ್ದಷ್ಟು ಹೇಳಿ ಎಂದರು. ನನಗೆ ಬರುವ ನಾಲ್ಕು ಮಾತು ಹೇಳಿದೆ. ಮುದುಕ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಭಗವಂತರಾಯರ, ಇದು ಕನ್ನಡ ಅಲ್ಲೇನ್ರಿ? ಇದನ್ನ ಯಾವ ಭಾಷಾಕ್ಕ ತರ್ಜುಮಾ ಮಾಡ್ಲಿ? ನಿಮ್ಮ ಸಾಹೇಬ್ರಿಗೆ ತಲಿ ನೆಟ್ಟಗ ಐತೋ ಇಲ್ಲೋ?”

ಕೊನೆಯ ಪ್ರಶ್ನೆಗೆ ಉತ್ತರಿಸಲು ನನಗೆ ಅಧಿಕಾರವಿಲ್ಲವೆಂದು ಹೇಳಿ ಬಂದೆ. ಈಗ ತಮ್ಮನ್ನೇ ಕೇಳುತ್ತಿದ್ದೇನೆ.

ಈ ಪುಸ್ತಕಕ್ಕೆ ‘ಇಲ್ಲ’ ಎಂದ ಮೊದಲಿಗರು ತಾವಲ್ಲ, ಆ ಹೆಮ್ಮೆ ಬೇಡ. ನಿಜಾಮರ ಕಾಲದ ಕೊನೆಗೆ ಒಬ್ಬ ಅಧಿಕಾರಿ ಇದನ್ನು ಪೂರ್ತಿ ಓದಿಸಿ ಕೇಳಿ, ನಗುವ ಕಡೆ ನಕ್ಕು, ಕನ್ನಡದ ಜನ ಗುಂಪು ಸೇರುವುದು ಬೇಡ ಎಂದು ಇಜಾಜತು ಕೊಡಲಿಲ್ಲ. ಅವರು ಓದಿಸಿ ಇಲ್ಲವೆಂದರು, ತಾವು ಓದಿಸದೆ ಇಲ್ಲವೆಂದಿರಿ. ಆಮೇಲೆ ನಿಜಾಮರ ಪರದ ರಜಾಕಾರರು ಮನೆಗೆ ನುಗ್ಗಿದಾಗ ಪುಸ್ತಕ ತೆರೆದು, ಉರ್ದು ಅಕ್ಷರ ನೋಡಿ ಬಿಟ್ಟುಹೋದರು. ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆದ ವಾರ ಊರಲ್ಲಿ ಮುಸಲ್ಮಾನರ ಮನೆಗಳಿಗೆ ಕೇಡುಗಾಲ. ಆಗ ಮಾಸ್ತರರು ಮತ್ತು ಅವರ ಹೆಂಡತಿ ಗೌಹರಬೇಗಂ ಸಗರ ಹಳ್ಳಿಯ ಕುರುಬರೊಬ್ಬರ ಹಟ್ಟಿಯಲ್ಲಿ ಹದಿನೇಳು ದಿನ ಕುರಿಗಳ ನಡುವೆ ಅಡಗಿದ್ದರು. ಮನೆಯಿಂದ ತಂದದ್ದು ಎರಡು ಕಂಬಳಿ, ಈ ಪುಸ್ತಕ. ಅಷ್ಟನ್ನೆಲ್ಲ ದಾಟಿದ ಪುಸ್ತಕ ಕಡೆಗೆ ತಮ್ಮ ಬಾಯಾರಿಕೆಗೆ ಸಿಕ್ಕಿಬಿತ್ತು.

ತಾವು ಕೇಳಬಹುದು: ಅಷ್ಟು ವರ್ಷ ಆಡಿದ ಆಟ ಬಾಯಿಪಾಠ ಇರುವುದಿಲ್ಲವೇ? ನಮ್ಮಲ್ಲಿ ತಾಲೀಮಿನ ರೀತಿಯೇ ಬೇರೆ. ಮಾಸ್ತರರು ಒಬ್ಬೊಬ್ಬನನ್ನೇ ಕೂರಿಸಿಕೊಂಡು ಅವನವನ ಮಾತು, ಅವನವನ ಪದ ಕಲಿಸುತ್ತಾರೆ. ಇನ್ನೊಬ್ಬನ ಮಾತು ಮುಂಚೆಯೇ ಗೊತ್ತಾದರೆ ಮುಖದಲ್ಲಿ ಬೆರಗು ಉಳಿಯುವುದಿಲ್ಲ ಎನ್ನುವುದು ಅವರ ನೇಮ. ಪೂರ್ತಿ ಆಟ ಇರುವುದು ಮಾಸ್ತರರಲ್ಲಿ ಮತ್ತು ಪುಸ್ತಕದಲ್ಲಿ. ನಾನು ರಾಜನ ವೇಷ ಹಾಕುತ್ತಿದ್ದವನು. ನನಗೆ ರಾಜನ ಮಾತಷ್ಟೇ ಬರುತ್ತದೆ. ಅಂಬಿಗನಾಗುತ್ತಿದ್ದ ಯಂಕಣ್ಣ ತೀರಿಕೊಂಡು ಎರಡು ವರ್ಷವಾಯಿತು. ಅವನ ಮಾತಿನಲ್ಲಿ ಒಂದು ಮಾತ್ರ ನನ್ನ ಎದೆಯಲ್ಲಿ ಉಳಿದಿದೆ, ಏಕೆಂದರೆ ಅದನ್ನು ಕೇಳಿದಾಗಲೆಲ್ಲ ಕಿರೀಟದ ಕೆಳಗೆ ನನಗೆ ಬೆವರು ಬರುತ್ತಿತ್ತು: “ದಂಡಿ ಮುಟ್ಟೂತನಕ ನೀ ರಾಜ ಅಲ್ಲೋ, ಬರೇ ಭಾರ!”

ಮಾಸ್ತರರಿಗೆ ಪುಷ್ಯ ಮಾಸದಲ್ಲಿ ಲಕ್ವಾ ಹೊಡೆಯಿತು. ಅದನ್ನು ತಮ್ಮ ಮೇಲೆ ಹೊರಿಸುವುದಿಲ್ಲ. ಅಷ್ಟು ಕೆಲಸ ಮಾಡುವವರು ತಾವಲ್ಲ. ಬಲಗೈ ಬಿದ್ದುಹೋಗಿದೆ, ಮಾತು ನಿಂತುಹೋಗಿದೆ. ಮೊನ್ನೆ ನೋಡಲು ಹೋದಾಗ ಗೌಹರಬೇಗಂ ನನ್ನನ್ನು ಬಾಗಿಲಲ್ಲೇ ತಡೆದರು.

“ಅಣ್ಣಾ, ಅವರಿಗೆ ಬಾಯಿ ಬರಂಗಿಲ್ಲ, ಕಿವಿ ಕೇಳ್ತಾವ. ನೀ ಬಂದಿ ಅಂದ್ರ ಪುಸ್ತಕ ತಂದಿ ಅಂತ ಕೈ ನೋಡ್ತಾರ. ಸುಳ್ಳ ಹೇಳಬ್ಯಾಡ. ಸಿಕ್ಕಿಲ್ಲ ಅನ್ನು, ಹೂಜಿ ಸುದ್ದಿ ಮಾತ್ರ ಎತ್ತಬ್ಯಾಡ.”

ನಾನು ಒಳಗೆ ಹೋದೆ. ಅವರು ನನ್ನ ಕೈ ನೋಡಿದರು. ನಾನು ಎಂದೂ ಅಷ್ಟು ನಾಚಿಕೆ ಪಟ್ಟಿಲ್ಲ, ಮತ್ತು ತಮ್ಮನ್ನು ಎಂದೂ ಅಷ್ಟು ಹೇಸಿಕೊಂಡಿಲ್ಲ.

ಈ ಪತ್ರವನ್ನೂ ನಾನು ಮೊದಲು ಬರೆದದ್ದು ಉರ್ದು ಅಕ್ಷರದಲ್ಲಿ. ನನ್ನ ಹೆಂಡತಿ ರೇಣಮ್ಮನ ತವರು ಹೊಳೆಯಾಚೆ ಸಿಂದಗಿ ಕಡೆ. ಅಲ್ಲಿ ನಿಜಾಮರ ಆಳ್ವಿಕೆ ಇರಲಿಲ್ಲ, ಕನ್ನಡ ಶಾಲೆಯಿತ್ತು, ನಾಲ್ಕನೆಯ ಇಯತ್ತೆ ಓದಿದ್ದಾಳೆ. ನಾನು ಓದಿದೆ, ಅವಳು ಕನ್ನಡದಲ್ಲಿ ಬರೆದಳು. ಒಂದೆರಡು ಬೈಗುಳ ಅವಳೇ ತೆಗೆದುಹಾಕಿದ್ದಾಳೆ, ಆಕೆಗೆ ತಾವು ಋಣಿಯಾಗಿರಬೇಕು. ಬರೆದು ಮುಗಿಸಿ ಅವಳೊಂದು ಮಾತು ಹೇಳಿದಳು: “ಹಿಂಗ ಆ ಪುಸ್ತಕಾನೂ ನೀವು ಓದ್ರಿ, ನಾ ಬರೀತೀನಿ. ಮಾಸ್ತರ ಕೇಳ್ಕೋತ ಕುಂದರ್ಲಿ. ತಪ್ಪಿದ್ರ ಎಡಗೈ ಎತ್ತಲಿ.” ತಮ್ಮ ಇಡೀ ಇಲಾಖೆಗೆ ಹೊಳೆಯದ ಅನುವಾದದ ಉಪಾಯ ಇದು. ಅಧಿಕೃತ ಸಹಿ ಬೇಕೆಂದರೆ ಅಮೀನಸಾಬರು ಹಾಕಿಕೊಡುತ್ತಾರೆ, ನಗುತ್ತಲಾದರೂ.

ಆದ್ದರಿಂದ ಕೇಳುವುದು ಇಷ್ಟೇ. ಭವನದ ಜಗಳ ನಿಲ್ಲುವುದಿಲ್ಲ, ಅದನ್ನು ಆಮೇಲೆ ಆಡೋಣ. ಪುಸ್ತಕ ಮರಳಿಸಲು ಕಡತ, ಟಿಪ್ಪಣಿ, ಮೇಲಿನವರ ಸಹಿ ಎಲ್ಲ ಬೇಕಾದೀತು. ಅದಕ್ಕೂ ಎಂಟು ದಿನ ಕಾಯುತ್ತೇನೆ. ಇವತ್ತು, ಈ ಪತ್ರ ಓದಿಸಿಕೊಂಡ ಗಳಿಗೆಯಲ್ಲೇ, ಎದ್ದು ಹೂಜಿಯನ್ನು ಎತ್ತಿ ಕೆಳಗಿಡಿ. ಬೇಸಿಗೆ ಬಂತು. ತಿಮ್ಮಣ್ಣ ಅದನ್ನು ದಿನಕ್ಕೆ ನಾಲ್ಕು ಸಲ ತುಂಬುತ್ತಾನೆ. ಮಾಸ್ತರರ ಮಸಿ ನೀರು ತಾಳುವುದಿಲ್ಲ. ರಾಜನ ಉತ್ತರಗಳೆಲ್ಲ ನನ್ನ ಬಾಯಲ್ಲಿ ಭದ್ರವಾಗಿವೆ. ಅಂಬಿಗನ ಪ್ರಶ್ನೆಗಳು ತಮ್ಮ ನೀರಿನ ಕೆಳಗಿವೆ.

ಇಂತಿ,
ಯಾರೂ ಏನೂ ಕೇಳದೆ ಉತ್ತರ ಇಟ್ಟುಕೊಂಡು ಕೂತಿರುವ ಹಳೆಯ ರಾಜ,
ಭಗವಂತರಾಯ
ಗೂಡ್ಸ್ ಶೆಡ್ಡಿನ ಮುಕದ್ದಮ, ಯಾದಗಿರಿ ಸ್ಟೇಷನ್
(ಅಕ್ಷರ ರೇಣಮ್ಮನದು, ಸಿಟ್ಟು ನನ್ನದು)