ಒಂದೇ ಸಲ ‘ಬೇಡ’ ಎಂದವಳ ಉಮೇದುವಾರಿಕೆ

ಮೂರನೆಯ ಬಾರಿಗೂ ಅವಿರೋಧವಾಗಿ ಆಯ್ಕೆಯಾದ ನಮ್ಮ ಕನ್ನಡ ಕೂಟದ ಅಧ್ಯಕ್ಷರೇ,

ನೀವು ಗೆದ್ದಿಲ್ಲ. ನಾನು ಮರ್ಯಾದೆಗೆಂದು ಆಡಿದ ಒಂದು ಮಾತನ್ನು ಎತ್ತಿಕೊಂಡು ಕುರ್ಚಿ ಉಳಿಸಿಕೊಂಡಿದ್ದೀರಿ. ಆ ಕುರ್ಚಿಯಿಂದ ಹೊರಟ ಮೊದಲ ಅಪ್ಪಣೆಯೇ, ನಾನು ಗ್ಲೆಂಡೇಲ್ ಹೈಟ್ಸ್‌ನಲ್ಲಿರುವ ಕೂಟದ ಕೋಣೆಯಲ್ಲಿ ಭಾನುವಾರ ನಡೆಸುವ ಮಕ್ಕಳ ಕನ್ನಡ ತರಗತಿಯನ್ನು ಮುಚ್ಚಿ, ಆ ಕೋಣೆಯನ್ನು ದೀಪಾವಳಿಯ ಫ್ಯಾಷನ್ ಶೋ ತಾಲೀಮಿಗೆ ಕೊಡುವುದು. ಕನ್ನಡ ಕೂಟಕ್ಕೆ ಕನ್ನಡವೇ ಅಡ್ಡಿ ಎಂದು ಕಂಡುಹಿಡಿದ ಮೊದಲ ಅಧ್ಯಕ್ಷರು ನೀವು, ಅಭಿನಂದನೆಗಳು.

ಲಿಸ್ಲ್‌ನಲ್ಲಿ ನಡೆದ ಕೂಟದ ಆ ಚುನಾವಣಾ ಸಭೆಯನ್ನು ನೆನಪಿಸಿಕೊಳ್ಳಿ. ಊಟದ ಹೊತ್ತಿಗೆ ಗಂಡಸರೆಲ್ಲ, ಮುಂದಿನ ವರ್ಷದ ದೇಶದ ಚುನಾವಣೆಯಲ್ಲಿ ವಾಷಿಂಗ್ಟನ್ನಿನ ಅಧ್ಯಕ್ಷರ ಎದುರು ಯಾರು ನಿಲ್ಲಬೇಕೆಂದು ಜಗಳಕ್ಕೆ ಬಿದ್ದಿದ್ದರು. ಸೇನೆಯಲ್ಲಿದ್ದವರೇ ಆಗಬೇಕು ಎಂದರು ಒಬ್ಬರು. ದಕ್ಷಿಣದವರಾದರೆ ಮಾತ್ರ ಗೆಲುವು ಎಂದರು ಇನ್ನೊಬ್ಬರು. ಇರಾಕ್ ಯುದ್ಧ ಬೇಡವೆಂದವರನ್ನೇ ನಿಲ್ಲಿಸಬೇಕು ಎಂದು ದ್ವಾರಕಾನಾಥರು ಬಿಸಿಬೇಳೆಬಾತಿನ ಚಮಚ ಎತ್ತಿ ಗುಡುಗಿದರು. ಅವರಲ್ಲಿ ಅರ್ಧ ಜನ ಇನ್ನೂ ಗ್ರೀನ್ ಕಾರ್ಡಿನವರು, ವೋಟೇ ಇಲ್ಲ. ಇಷ್ಟು ಶೂರರು, ಪಕ್ಕದಲ್ಲೇ ಶಾಲು ಹೊದ್ದು ಕೂತಿದ್ದ ನಿಮ್ಮ ಎದುರು ಯಾರು ನಿಲ್ಲುತ್ತೀರಿ ಎಂದು ಚುನಾವಣಾಧಿಕಾರಿ ಕೇಳಿದಾಗ ಉಪ್ಪಿನಕಾಯಿ ನೋಡುತ್ತ ಕೂತರು. ನಿಮ್ಮನ್ನು ಕಂಡರೆ ಅವರಾರಿಗೂ ಆಗದು. ಅದು ನಿಮಗೂ ಗೊತ್ತು.

ಕೊನೆಗೆ ರವಿಯವರು ಎದ್ದು ನನ್ನ ಹೆಸರು ಸೂಚಿಸಿದರು.

“ಅಯ್ಯೋ, ನಾನ್ಯಾಕೆ, ಬೇಡಪ್ಪ,” ಎಂದೆ. ಚಿತ್ರದುರ್ಗದಲ್ಲಿ ಬೆಳೆದವಳು ನಾನು. ಕರೆದ ಕೂಡಲೇ ಹೂಂ ಎನ್ನುವುದು ನಮ್ಮ ಕಡೆ ನಾಚಿಕೆಗೇಡು. ಇನ್ನೊಮ್ಮೆ ಕೇಳುತ್ತಾರೆ, ಆಗ ಒಪ್ಪಿಕೊಳ್ಳೋಣ ಎಂದು ದುಪಟ್ಟಾ ಸರಿಮಾಡಿಕೊಂಡು ಕಾಯುತ್ತಿದ್ದೆ. ಚುನಾವಣಾಧಿಕಾರಿಯಾಗಿದ್ದ ಇಶಾನ್ ಇಲ್ಲೇ ಹುಟ್ಟಿದವನು, ವಕೀಲಿಕೆ ಓದುತ್ತಿರುವವನು. “ಓಕೆ ಆಂಟಿ, ನೋ ಪ್ರಾಬ್ಲಮ್. ಎನಿವನ್ ಎಲ್ಸ್?” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಬೇಡ ಎಂದರೆ ಬೇಡ.

ನಿಮಗೆ? ಒಬ್ಬಟ್ಟು ಬೇಡವೆಂದು ಕೈ ಅಡ್ಡ ಹಿಡಿದವರ ತಟ್ಟೆಗೆ ಇನ್ನೆರಡು ಹಾಕಿ ತುಪ್ಪ ಸುರಿಯುವವರು ನೀವು. ರವಿಯವರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಎದ್ದು ನಿಂತಿರಿ. “ಪಾಪ, ಬೇಡ ಅಂತಿದಾರಲ್ಲ, ಯಾಕ್ರೀ ಫೋರ್ಸ್ ಮಾಡ್ತೀರಾ? ಹೆಂಗಸರ ಮಾತಿಗೆ ರೆಸ್ಪೆಕ್ಟ್ ಕೊಡಬೇಕು,” ಎಂದಿರಿ. ಹೆಂಗಸೊಬ್ಬಳ ಮಾತು ನಿಮ್ಮ ಕಿವಿಗೆ ಮೊದಲ ಸಲಕ್ಕೇ ಬಿದ್ದದ್ದು ಅದೊಂದೇ ಬಾರಿ ಎಂದು ಆಮೇಲೆ ನಿಮ್ಮ ಶ್ರೀಮತಿಯವರೇ ನನ್ನ ಬಳಿ ಹೇಳಿದರು. ಪ್ರತಿ ರಾಜ್ಯೋತ್ಸವಕ್ಕೂ ಮೈಕ್ ಹಿಡಿದು “ವಹೀದಾ ಅವರ ಕನ್ನಡ ಎಷ್ಟು ಚಂದ” ಎಂದು ಬೆರಗಾಗುತ್ತೀರಲ್ಲ, ಮಹನೀಯರೇ, ಚಿತ್ರದುರ್ಗದವಳಿಗೆ ಇನ್ನಾವ ಭಾಷೆ ಚಂದವಾಗಿ ಬರಬೇಕಿತ್ತು?

ನನಗೆ ನಿಮ್ಮ ಶಾಲು ಬೇಡ. ಆ ಕೋಣೆ ಬೇಕು. ಬೋಲಿಂಗ್‌ಬ್ರೂಕ್‌ನ ರೇಣು ಅವರ ಮಗಳು ಇಶಾ, ಹೋದ ತಿಂಗಳು ತನ್ನ ಅಜ್ಜಿಯೊಂದಿಗೆ ಫೋನಿನಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದಳು. ಅಜ್ಜಿಗೆ ಇಂಗ್ಲಿಷ್ ಬಾರದು. ಅವರಿಬ್ಬರನ್ನು ಬೆಸೆದಿರುವುದು ನನ್ನ ಭಾನುವಾರದ ಪಾಠವೊಂದೇ. ಅದನ್ನು ಕಿತ್ತುಕೊಳ್ಳಲು ನಿಮಗೆ ಸಂಕಟವಾಗಲಿಲ್ಲವೆ?

ಆದ್ದರಿಂದ ನನ್ನ ಆಗ್ರಹ ಇಷ್ಟೆ. ನಾಮಪತ್ರಕ್ಕೆ ಮತ್ತೆ ಅವಕಾಶ ಕೊಡಿ. ನಾನು ನಿಲ್ಲುತ್ತೇನೆ, ಯಾರೂ ಒತ್ತಾಯಿಸಬೇಕಿಲ್ಲ. ಅಷ್ಟು ಧೈರ್ಯವಿಲ್ಲದಿದ್ದರೆ, ಬರುವ ಭಾನುವಾರ ತರಗತಿಯ ಬಾಗಿಲಿಗೆ ಬಂದು, ಇನ್ನು ಪಾಠವಿಲ್ಲವೆಂದು ಆ ಮಕ್ಕಳ ಮುಖ ನೋಡಿ ನೀವೇ ಹೇಳಿ. ಕನ್ನಡದಲ್ಲಿ ಹೇಳಿ. ಪದ ಸಿಗದೆ ತಡವರಿಸಿದರೆ ಇಶಾ ಹೇಳಿಕೊಡುತ್ತಾಳೆ.

ಇಂತಿ,
ಅವಿರೋಧವಾಗಿ ಸೋತ
ವಹೀದಾ